ಮಕ್ಕಳಿಬ್ಬರೂ ಚಿಕ್ಕವರು. ಏಜೆಂಟೊಬ್ಬರು ಟ್ರಸ್ಟ್ ಮಾಡಿಸಿ ಎನ್ನುತ್ತಿದ್ದಾರೆ. ಈಗಲೇ ಟ್ರಸ್ಟ್ ಮಾಡಿಸಿಬಿಟ್ಟರೆ ವಿಲ್ ಬರೆಯುವ ತಾಪತ್ರಯ ತಪ್ಪುತ್ತದೆಯೇ?

ತಪ್ಪುವುದಿಲ್ಲ. ನಮ್ಮ ಭಾವನವರೂ ಹೀಗೇ ಅಂದುಕೊಂಡಿದ್ದರು. ಸಾಲವಿರುವ ಫ್ಲ್ಯಾಟು, ಒಂದಿಷ್ಟು ಮ್ಯೂಚುವಲ್ ಫಂಡು, ಟರ್ಮ್ ಪಾಲಿಸಿ, ಸ್ಕೂಲಿಗೆ ಹೋಗುವ ಇಬ್ಬರು ಮಕ್ಕಳು: ನೀವು ಕೊಟ್ಟಿರುವ ಪಟ್ಟಿ ಅವರ ಮನೆಯದೇ. ಟ್ರಸ್ಟ್ ಡೀಡ್ ಬರೆಸಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯನ್ನೂ ಮಾಡಿಸಿದ್ದರು. ಅವರು ತೀರಿಕೊಂಡ ಮೇಲೆ ಅಕ್ಕ ಅದನ್ನು ವಕೀಲರ ಮುಂದಿಟ್ಟಾಗ, ಅವರು ಮೊದಲ ಪುಟಗಳನ್ನು ಮುಟ್ಟಲೇ ಇಲ್ಲ, ಸೀದಾ ಕೊನೆಯ ಷೆಡ್ಯೂಲಿಗೆ, ಅಂದರೆ ಟ್ರಸ್ಟಿನ ಸ್ವತ್ತುಗಳ ಪಟ್ಟಿಗೆ ಹೋದರು. ಅಲ್ಲಿದ್ದದ್ದು ಎರಡೇ ಸಾಲು: ‘ನಗದು ರೂ. 11,000. ಕಾಲಕಾಲಕ್ಕೆ ಸೇರಿಸಲಾಗುವ ಇತರ ಸ್ವತ್ತುಗಳು.’ ಸೇರಿಸಿದ್ದು ಏನೂ ಇರಲಿಲ್ಲ.

ಎಡವಿದ್ದು ಇಲ್ಲೇ, ಅದಕ್ಕೇ ಬಿಡಿಸಿ ಹೇಳುತ್ತೇನೆ. 1882ರ ಭಾರತೀಯ ಟ್ರಸ್ಟ್ ಕಾಯ್ದೆಯ ಪ್ರಕಾರ ಟ್ರಸ್ಟಿಗಳು (ಮಕ್ಕಳ ಪರವಾಗಿ ಸ್ವತ್ತು ನೋಡಿಕೊಳ್ಳುವವರು) ಟ್ರಸ್ಟ್ ಮಾಡಿದವರಲ್ಲದೆ ಬೇರೆಯವರಾಗಿದ್ದರೆ ಸ್ವತ್ತು ಅವರಿಗೆ ವರ್ಗವಾಗಲೇಬೇಕು. ಸ್ಥಿರಾಸ್ತಿಯಾದರೆ ನೋಂದಾಯಿತ ಪತ್ರದ ಮೂಲಕ, ಇಲ್ಲವೇ ವಿಲ್ ಮೂಲಕ. ಡೀಡ್‌ನಲ್ಲಿ ‘ನನ್ನ ಆಸ್ತಿಯೆಲ್ಲ ಮಕ್ಕಳ ಹಿತಕ್ಕೆ’ ಎಂದು ಬರೆದ ಮಾತ್ರಕ್ಕೆ ಫ್ಲ್ಯಾಟು ಟ್ರಸ್ಟಿಗೆ ಹೋಗುವುದಿಲ್ಲ. ಸಾಲ ಕೊಟ್ಟ ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ), ವರ್ಗಾವಣೆ ಪತ್ರ, ಅದರ ಮುದ್ರಾಂಕ ಶುಲ್ಕ, ಆಮೇಲೆ ಖಾತಾ ಬದಲಾವಣೆ ಎಲ್ಲವೂ ಆಗಬೇಕು. ಫಂಡು, ಷೇರುಗಳಿಗಾದರೆ ಮೊದಲು ಟ್ರಸ್ಟಿನದೇ ಪಾನ್, ಬ್ಯಾಂಕ್ ಖಾತೆ, ಡಿಮ್ಯಾಟ್ ಬೇಕು. ಸಾಲ ತೀರಿದ ಮೇಲೆ ಮಾಡೋಣ ಎಂದು ಭಾವ ಎಲ್ಲವನ್ನೂ ಮುಂದಕ್ಕೆ ಹಾಕಿದ್ದರು. ಸರಿ, ಬಿಟ್ಟುಹೋದದ್ದೆಲ್ಲ ಟ್ರಸ್ಟಿಗೆ ಸೇರಲಿ ಎಂದು ಒಂದು ವಿಲ್ ಆದರೂ ಇದ್ದಿದ್ದರೆ ನಡೆಯುತ್ತಿತ್ತು. ಟ್ರಸ್ಟ್ ಇದೆಯಲ್ಲ ಎಂದು ಅದನ್ನೂ ಬರೆದಿರಲಿಲ್ಲ.

ಹಾಗಾಗಿ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಭಾವನ ತಾಯಿ, ಹೆಂಡತಿಯಾದ ನಮ್ಮ ಅಕ್ಕ, ಇಬ್ಬರು ಮಕ್ಕಳು, ನಾಲ್ವರಿಗೂ ಸಮಪಾಲು. ಫ್ಲ್ಯಾಟಿನ ಅರ್ಧ ಅಪ್ರಾಪ್ತರದ್ದಾಯಿತು. ಮಾರಿ ಊರಿಗೆ ಹೋಗೋಣವೆಂದರೆ 1956ರ ಹಿಂದೂ ಅಪ್ರಾಪ್ತತೆ ಮತ್ತು ಪೋಷಕತ್ವ ಕಾಯ್ದೆಯ 8ನೇ ಕಲಂ ಅಡ್ಡ ಬಂತು: ಮಗುವಿನ ಸ್ಥಿರಾಸ್ತಿಯನ್ನು ಹೆತ್ತ ತಾಯಿಯೂ ಕೋರ್ಟಿನ ಅನುಮತಿಯಿಲ್ಲದೆ ಮಾರುವಂತಿಲ್ಲ, ಅಡ ಇಡುವಂತಿಲ್ಲ, ಐದು ವರ್ಷಕ್ಕಿಂತ ಹೆಚ್ಚು ಬಾಡಿಗೆಗೂ ಕೊಡುವಂತಿಲ್ಲ. ಮಾರಿದರೆ ಮಗು ದೊಡ್ಡದಾದ ಮೇಲೆ ಆ ಕ್ರಯವನ್ನೇ ರದ್ದು ಮಾಡಿಸಬಹುದು. ಆದ್ದರಿಂದ ತಿಳಿದವರಾರೂ ಕೊಳ್ಳುವುದಿಲ್ಲ. ಅನುಮತಿ ಸಿಕ್ಕಾಗಲೂ ಮಕ್ಕಳ ಪಾಲು ಡಿಪಾಸಿಟ್ಟಿಗೆ ಹೋಯಿತು. 18 ತುಂಬಿದ ದಿನ ಅಷ್ಟೂ ಅವರ ಕೈಗೆ.

ಅದಕ್ಕೇ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಏಜೆಂಟ್ ತೋರಿಸುತ್ತಿರುವ ಟ್ರಸ್ಟ್ ಈಗ ನಿಮಗೆ ಬೇಡ. ವಿಲ್ ಬರೆಯಿರಿ, ಟ್ರಸ್ಟನ್ನು ಅದರೊಳಗೇ ಹುಟ್ಟಿಸಿ. ವಿಲ್‌ಗೆ ಮುದ್ರಾಂಕ ಶುಲ್ಕವಿಲ್ಲ, ನೋಂದಣಿ ಕಡ್ಡಾಯವಲ್ಲ (ಮಾಡಿಸಿದರೆ ಒಳ್ಳೆಯದು), ಇಬ್ಬರು ಸಾಕ್ಷಿಗಳ ಸಹಿ ಸಾಕು, ಬದುಕಿರುವಷ್ಟು ದಿನ ಬದಲಿಸಬಹುದು. ತೆರಿಗೆಯಲ್ಲೂ ಲಾಭವಿದೆ. ಯಾರಿಗೆ ಎಷ್ಟು ಎಂಬುದನ್ನು ಟ್ರಸ್ಟಿಗಳ ವಿವೇಚನೆಗೆ ಬಿಟ್ಟ ಟ್ರಸ್ಟಿನ ಆದಾಯಕ್ಕೆ ಸಾಮಾನ್ಯವಾಗಿ ಗರಿಷ್ಠ ದರ ಬೀಳುತ್ತದೆ. ವಿಲ್ ಮೂಲಕ ನೀವು ಮಾಡಿದ ಏಕೈಕ ಟ್ರಸ್ಟ್ ಅದಾಗಿದ್ದು, ವ್ಯಾಪಾರದ ಆದಾಯ ಇಲ್ಲದಿದ್ದರೆ ಆದಾಯಕ್ಕೆ ತಕ್ಕಂತೆ ಏರುವ ಸ್ಲ್ಯಾಬ್ ದರ ಸಿಗುತ್ತದೆ. ಪಿತ್ರಾರ್ಜಿತ ಜಮೀನಿದ್ದರೆ ಮಾತ್ರ ನಿಮ್ಮ ಪಾಲಿನಷ್ಟನ್ನೇ ಬರೆಯಲು ಬರುತ್ತದೆ.

ಟ್ರಸ್ಟಿನ ಕಲಮುಗಳಲ್ಲಿ ಎಲ್ಲರೂ ಎಡವುವುದು ವಯಸ್ಸಿನ ವಿಷಯದಲ್ಲಿ. ‘ಪಾಲು ಮಗನದು, 25ಕ್ಕೆ ಕೊಡತಕ್ಕದ್ದು’ ಎಂದಷ್ಟೇ ಬರೆದರೆ ಸಾಲದು. ಫಲಾನುಭವಿಗಳೆಲ್ಲ ಪ್ರಾಪ್ತರಾಗಿ ಒಮ್ಮತದಿಂದ ಕೇಳಿದರೆ ಟ್ರಸ್ಟಿ ಸ್ವತ್ತನ್ನು ಕೊಡಬೇಕಾಗುತ್ತದೆ, ಅದೇ 1882ರ ಕಾಯ್ದೆಯ 56ನೇ ಕಲಂ. ‘25 ತುಂಬಿದರೆ ಮಾತ್ರ ಹಕ್ಕು, ಅಷ್ಟರಲ್ಲಿ ತೀರಿಕೊಂಡರೆ ಅವನ ಮಕ್ಕಳಿಗೆ, ಅವರೂ ಇಲ್ಲದಿದ್ದರೆ ತಂಗಿಗೆ’ ಎಂದು ಷರತ್ತು ಹಾಕಿಸಿ. ಅಲ್ಲಿಯವರೆಗೆ ಫೀಸನ್ನು ಟ್ರಸ್ಟಿಯೇ ಕಾಲೇಜಿಗೆ ಕಟ್ಟಲಿ.

ಟ್ರಸ್ಟಿಗಳು ಮೂವರಿರಲಿ, ಬಹುಮತದ ತೀರ್ಮಾನ ಸಾಕೆಂದು ಬರೆಸಿ. ಬರೆಯದಿದ್ದರೆ ಪ್ರತಿ ಚೆಕ್ಕಿಗೂ ಎಲ್ಲರೂ ಸೇರಬೇಕು, ಒಬ್ಬರು ಅಮೆರಿಕದಲ್ಲಿದ್ದರೆ ಕಥೆ ಮುಗಿಯಿತು. ಮಕ್ಕಳನ್ನು ಸಾಕುವವರು ಬೇರೆ, ದುಡ್ಡು ನೋಡಿಕೊಳ್ಳುವವರು ಬೇರೆ ಇರಲಿ. ಚಿಕ್ಕಪ್ಪನಿಗೆ ಬೇಜಾರಾಗುತ್ತದೆ ಎಂದು ಎರಡನ್ನೂ ಒಬ್ಬರಿಗೇ ಕೊಡಬೇಡಿ. ಪೋಷಕರ ಹೆಸರನ್ನು ನೀವೊಬ್ಬರೇ ಬರೆದರೆ ನಿಮ್ಮ ಹೆಂಡತಿ ಇರುವವರೆಗೆ ಅದಕ್ಕೆ ಬಲವಿಲ್ಲ. ಅವರೂ ತಮ್ಮ ವಿಲ್‌ನಲ್ಲಿ ಅದೇ ಹೆಸರು ಬರೆಯಬೇಕು.

ನಾಮಿನಿ ಇದ್ದಾರಲ್ಲ ಎನ್ನಬೇಡಿ. ಫಂಡು, ಷೇರುಗಳ ನಾಮಿನಿ ಹಣ ಪಡೆಯುವವರೇ ಹೊರತು ಒಡೆಯರಲ್ಲ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಮತ್ತೊಮ್ಮೆ ಹೇಳಿದೆ.

ವಿಶೇಷ ಅಗತ್ಯವಿರುವ ಮಗುವಿದ್ದರೆ ಲೆಕ್ಕ ಬೇರೆ. ಆಗ ಬದುಕಿರುವಾಗಲೇ ಟ್ರಸ್ಟ್ ನಡೆಸಿ, ಟ್ರಸ್ಟಿಗಳಿಗೆ ಕೆಲಸ ಅಭ್ಯಾಸ ಮಾಡಿಸಿ. ಫ್ಲ್ಯಾಟು ವರ್ಗವಾದ ಮೇಲೆ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ ಟ್ರಸ್ಟಿಗಳ ಹೆಸರು ಬಂದಿದೆಯೇ ನೋಡಿ.

ಟರ್ಮ್ ಪಾಲಿಸಿಯನ್ನು ಮಾತ್ರ ಈಗಲೇ ಸರಿಮಾಡಬಹುದು. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಹೆಂಡತಿ, ಮಕ್ಕಳ ಹೆಸರಿಗೆ ಪಾಲಿಸಿ ಮಾಡಿಸಿದರೆ ಅದೇ ಒಂದು ಟ್ರಸ್ಟ್. ನಿಮಗೆ ಸಾಲ ಕೊಟ್ಟವರು ಅದನ್ನು ಮುಟ್ಟಲಾರರು. ಈ ಕಾಯ್ದೆಯ ಫಾರಂ ಪಾಲಿಸಿಯ ಅರ್ಜಿ (ಪ್ರಪೋಸಲ್) ಜೊತೆಗೇ ಹೋಗಬೇಕು, ಹಳೆಯ ಪಾಲಿಸಿಗೆ ಆಮೇಲೆ ಸೇರಿಸಲು ಬರುವುದಿಲ್ಲ, ಬರೆದ ಹೆಸರುಗಳನ್ನು ಬದಲಿಸಲೂ ಆಗದು. ಆದ್ದರಿಂದ ಹೊಸದು ತೆಗೆದುಕೊಳ್ಳಿ, ವಿಲ್‌ನಲ್ಲಿರುವ ಟ್ರಸ್ಟಿಗಳನ್ನೇ ಅದಕ್ಕೂ ಹಾಕಿ. ಹೊಸ ಪಾಲಿಸಿ ಕೈಗೆ ಬರುವವರೆಗೆ ಹಳೆಯದರ ಪ್ರೀಮಿಯಂ ನಿಲ್ಲಿಸಬೇಡಿ.