ರೈ-ಶೆರಿ ಕೆಟ್ಟಿದ್ದಕ್ಕೆ ವಿಸ್ಕಿ ಕಾರಣ ಅಲ್ಲ

ನಮಸ್ಕಾರ ಸರ್. ರೈ ಅನ್ನುವ ಧಾನ್ಯದ ವಿಸ್ಕಿಗೆ ಶೆರಿ ಹಾಕಿ ಕಾಕ್‌ಟೇಲ್ ಮಾಡಲು ಶೇಕರ್‌ನಲ್ಲಿ ಕುಲುಕಿದಿರಿ, ಮಬ್ಬಾಯಿತು, ನೀರು ನೀರಾಯಿತು, ಜೊತೆಗೆ ಒಂಥರಾ ಹಳಸಿದ ವಾಸನೆ ಬಂತು ಅಂದಿದ್ದೀರಿ. ಇನ್ನೂ ದುಬಾರಿ ವಿಸ್ಕಿ ತರಲಾ ಅಂತಲೂ ಕೇಳಿದ್ದೀರಿ. ಬೇಡ, ಇರುವುದೇ ಸಾಕು.

ಮೊದಲು ಶೆರಿ ಬಾಟಲಿ ನೋಡಿ. ತೆರೆದು ಎಷ್ಟು ದಿನ ಆಯಿತು? ಶೆರಿ ಅಂದರೆ ಸ್ಪೇನಿನ ಹೆರೆಸ್ ಕಡೆಯ ವೈನ್. ದ್ರಾಕ್ಷಿ ಸ್ಪಿರಿಟ್ ಸೇರಿಸಿರುತ್ತಾರೆ ನಿಜ, ಆದರೂ ವೈನ್ ವೈನೇ. ವಿಸ್ಕಿ ಪಕ್ಕ ಶೆಲ್ಫಿನಲ್ಲಿಟ್ಟರೆ ಕೆಡುತ್ತದೆ. ನಾನು ಒಂದು ಒಳ್ಳೆ ಬಾಟಲಿಯನ್ನು ಮೂರು ತಿಂಗಳು ಹಾಗೇ ಇಟ್ಟು ಸಿಂಕಿಗೆ ಸುರಿದಿದ್ದೇನೆ. ಈಗಲೂ ಬೇಜಾರಾಗುತ್ತದೆ. ತೆರೆದ ಮೇಲೆ ಫ್ರಿಜ್ಜಿನಲ್ಲೇ ಇಡಿ. ಶೆರಿಯಲ್ಲಿ ಬಗೆಗಳಿವೆ: ಫಿನೋ ಆದರೆ ಒಂದು ವಾರದಲ್ಲಿ ಮುಗಿಸಿ, ಒಲೊರೊಸೊ ತಿಂಗಳವರೆಗೆ ಚೆನ್ನಾಗಿರುತ್ತದೆ.

ಈ ಕಾಕ್‌ಟೇಲ್‌ಗೆ ಒಲೊರೊಸೊನೇ ಬೇಕು. ಫಿನೋ ಪೀಪಾಯಿಯಲ್ಲಿ ಯೀಸ್ಟ್ ಹಾಲಿನ ಕೆನೆಯ ಹಾಗೆ ಮೇಲೆ ಕಟ್ಟಿಕೊಂಡು ಗಾಳಿ ತಾಗದಂತೆ ಕಾಯುತ್ತದೆ. ಅದಕ್ಕೇ ಅದು ತಿಳಿಯಾಗಿ, ಹಗುರಾಗಿ ಇರುವುದು. ಒಲೊರೊಸೊಗೆ ಸ್ಪಿರಿಟ್ ಜಾಸ್ತಿ ಹಾಕಿ ಶೇಕಡಾ 17ಕ್ಕೆ ಏರಿಸುತ್ತಾರೆ. ಅಷ್ಟರಲ್ಲಿ ಆ ಯೀಸ್ಟ್ ಬದುಕುವುದಿಲ್ಲ. ಗಾಳಿ ತಾಗುತ್ತಾ ವರ್ಷಗಟ್ಟಲೆ ಮಾಗಿ, ಕಂದು ಬಣ್ಣ ತಿರುಗಿ, ಅಕ್ರೋಟಿನ ಪರಿಮಳ ಬರುತ್ತದೆ. ರೈನ ಕಾಳುಮೆಣಸಿನಂಥ ಖಾರಕ್ಕೆ ಜೋಡಿಯಾಗಿ ನಿಲ್ಲುವುದು ಇದೇ.

ಇಲ್ಲೇ ಇನ್ನೊಬ್ಬರು ಶೆರಿ ಬದಲು ಅಮೃತ್ ಇಂಟರ್‌ಮೀಡಿಯೇಟ್ ಶೆರಿ ಹಾಕಬಹುದಾ ಅಂತ ಕೇಳಿದ್ದಾರೆ. ಅದು ನಮ್ಮ ಬೆಂಗಳೂರಿನ ಸಿಂಗಲ್ ಮಾಲ್ಟ್. ಶೆರಿ ಪೀಪಾಯಿಯಲ್ಲಿ ಸ್ವಲ್ಪ ಕಾಲ ಇದ್ದ ವಿಸ್ಕಿ ಅಷ್ಟೇ, ಶೆರಿ ಅಲ್ಲ. ಸುಮ್ನೆ ಕುಡಿಯಲು ಚೆನ್ನಾಗಿದೆ, ಇದಕ್ಕೆ ಹಾಕಬೇಡಿ.

ಅಳತೆ ಸುಲಭ. ರೈ 60 ಎಂಎಲ್, ಒಲೊರೊಸೊ 30, ಸಕ್ಕರೆ ಪಾಕ 5, ಆಂಗೊಸ್ಟುರಾ ಬಿಟರ್ಸ್ (ಮಸಾಲೆ ಪರಿಮಳದ ಕಹಿ ದ್ರವ) ಎರಡು ಚಿಮುಕು. ಮ್ಯಾನ್‌ಹಟನ್ ಅನ್ನುವ ವಿಸ್ಕಿ ಕಾಕ್‌ಟೇಲ್‌ನಲ್ಲಿ ಸಿಹಿ ವರ್ಮೂತ್ (ಗಿಡಮೂಲಿಕೆ ಸೇರಿಸಿದ ವೈನ್) ಇರುವ ಜಾಗಕ್ಕೆ ಇಲ್ಲಿ ಶೆರಿ ಬಂದಿದೆ.

ಇನ್ನು ಕುಲುಕುವ ವಿಷಯ. ನಿಂಬೆರಸ, ಮೊಟ್ಟೆ, ಕ್ರೀಮ್ ಇದ್ದರೆ ಶೇಕರ್ ಸರಿ. ಇಲ್ಲಿ ಅದ್ಯಾವುದೂ ಇಲ್ಲ, ಅಲ್ವಾ? ಕುಲುಕಿದರೆ ಗಾಳಿಯ ಗುಳ್ಳೆ, ಐಸ್ ಚೂರು ಸೇರಿ ಮಬ್ಬಾಗುತ್ತದೆ, ಐಸೂ ಬೇಗ ಕರಗುತ್ತದೆ. ದಪ್ಪ ಗಾಜಿನ ಲೋಟವನ್ನು ಹತ್ತು ನಿಮಿಷ ಫ್ರಿಜ್ಜಿನಲ್ಲಿಡಿ. ಟ್ರೇಯ ಸಣ್ಣ ಐಸ್ ಬೇಡ. ಒಂದು ಡಬ್ಬಿಯಲ್ಲಿ ನೀರು ಗಟ್ಟಿ ಮಾಡಿ, ದೊಡ್ಡ ದೊಡ್ಡ ತುಂಡಾಗಿ ಒಡೆದು ಲೋಟದ ತುಂಬ ಹಾಕಿ, ಅಳೆದಿದ್ದೆಲ್ಲ ಅದಕ್ಕೆ ಸುರಿಯಿರಿ. ಉದ್ದ ಚಮಚದ ಬೆನ್ನು ಲೋಟದ ಒಳಗೋಡೆಗೆ ತಾಗಿರಲಿ. ಐಸ್ ಎಲ್ಲಾ ಒಟ್ಟಿಗೆ ಒಂದೇ ಉಂಡೆಯ ಹಾಗೆ ಸುತ್ತಬೇಕು, ಟಣ ಟಣ ಸದ್ದು ಬರಬಾರದು. 30 ಸೆಕೆಂಡ್ ತಿರುಗಿಸಿ, ಸೋಸಿ, ಮೊದಲ ಸಲ ಅಳೆದು ನೋಡಿ. 95 ಎಂಎಲ್ ಹೋಗಿದ್ದು 120ರ ಆಸುಪಾಸು ಬಂದರೆ ನೀರು ಹದವಾಗಿ ಸೇರಿದೆ. 140 ದಾಟಿದರೆ ಐಸ್ ಸಣ್ಣದಾಯಿತು, ಇಲ್ಲವೇ ಜಾಸ್ತಿ ಹೊತ್ತು ತಿರುಗಿಸಿದಿರಿ.

ಮೇಲೆ ಕಿತ್ತಳೆ ಸಿಪ್ಪೆಯ ಒಂದು ಚೂರು ಹಿಂಡಿ. ಹೊರಮೈ ಗ್ಲಾಸಿನ ಕಡೆಗಿರಲಿ. ಎಣ್ಣೆ ಸಣ್ಣ ಹನಿಯಾಗಿ ಮೇಲೆ ಬೀಳುವುದು ಕಣ್ಣಿಗೇ ಕಾಣುತ್ತದೆ. ಇದನ್ನು ಮಾತ್ರ ಬಿಡಬೇಡಿ.

ಒಂದು ಗ್ಲಾಸಿನಲ್ಲಿ ಲಾರ್ಜ್ ಪೆಗ್ಗಿಗಿಂತ ಜಾಸ್ತಿ ಆಲ್ಕೋಹಾಲ್ ಇದೆ. ಆಮೇಲೆ ಗಾಡಿ ಮುಟ್ಟಬೇಡಿ. ನಿಮ್ಮ ಶೆರಿ ಲೇಬಲ್ಲಿನ ಫೋಟೋ ಇಲ್ಲಿ ಹಾಕಿ. ಅದರಲ್ಲಿ ‘ಕ್ರೀಮ್’ ಅಂತಿದ್ದರೆ ಅದು ಮೊದಲೇ ಸಿಹಿ ಮಾಡಿದ್ದು, ಸಕ್ಕರೆ ಪಾಕ ಪೂರ್ತಿ ಬಿಟ್ಟುಬಿಡಿ.