ಕೂಗದ ನಾಯಿಗೂ ನೋವಿರುತ್ತದೆ

ಪ್ರಶ್ನೆ: ನಮ್ಮ ಮನೆಯ ಲ್ಯಾಬ್ರಡಾರ್ ನಾಯಿಗೆ 11 ವರ್ಷ. ಎರಡು ತಿಂಗಳಿಂದ ಜಗಲಿಯ ಮೆಟ್ಟಿಲು ಹತ್ತಲು ಹಿಂದೇಟು ಹಾಕುತ್ತಿದೆ, ಬಲ ಮುಂಗಾಲಿನ ಮಣಿಕಟ್ಟನ್ನು ಸದಾ ನೆಕ್ಕುತ್ತಿರುತ್ತದೆ. ಮೊನ್ನೆ ಸೊಂಟ ಸವರಿದ ಮಗಳ ಮೇಲೆ ಗುರುಗುಟ್ಟಿತು. ಆದರೆ ಒಮ್ಮೆಯೂ ಕುಂಯ್ ಎಂದಿಲ್ಲ, ಊಟವನ್ನೂ ಬಿಟ್ಟಿಲ್ಲ. ಇದು ಬರೀ ವಯಸ್ಸೇ? ಮನೆಯಲ್ಲಿರುವ ನೋವಿನ ಮಾತ್ರೆ ಕೊಡಬಹುದೇ?
– ಓದುಗರು, ಶಿವಮೊಗ್ಗ

ಉತ್ತರ: ಮಾತ್ರೆಯ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ, ದಯವಿಟ್ಟು ಕೊಡಬೇಡಿ. ನಾವು ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳು ನಾಯಿಯ ಜಠರದಲ್ಲಿ ಹುಣ್ಣು, ರಕ್ತಸ್ರಾವ ಉಂಟುಮಾಡಬಲ್ಲವು, ಮೂತ್ರಪಿಂಡಕ್ಕೂ ಅಪಾಯ.

ನೀವು ಬರೆದಿರುವ ಮೂರೂ ಲಕ್ಷಣಗಳನ್ನು ಒಟ್ಟಿಗೆ ನೋಡಿದರೆ ಕೀಲುನೋವಿನ ಸಂಶಯ ಬಲವಾಗಿದೆ. ಥಟ್ಟನೆ ಪೆಟ್ಟು ಬಿದ್ದಾಗ ಕೂಗುವ ನಾಯಿ, ಕೀಲು ಸವೆದು ದಿನವೂ ಕಾಡುವ ನೋವಿಗೆ ಕೂಗುವುದು ಅಪರೂಪ. ಅದು ತನಗೆ ಕಷ್ಟವಾದ ಕೆಲಸಗಳನ್ನು ಒಂದೊಂದಾಗಿ ಬಿಡುತ್ತಾ ಬರುತ್ತದೆ, ನಾವು ಅದಕ್ಕೆ ವಯಸ್ಸು ಎಂದು ಹೆಸರಿಡುತ್ತೇವೆ. ಗ್ಲಾಸ್ಗೊ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು, ಶಸ್ತ್ರಚಿಕಿತ್ಸೆಯ ನಂತರದ ನೋವನ್ನು ಅಳೆಯಲು ಬಳಕೆಯಾಗುವ ಮಾಪನದಲ್ಲಿಯೂ ನೋಡಬೇಕಾದ 6 ಅಂಶಗಳಲ್ಲಿ ಕೂಗು ಒಂದು ಮಾತ್ರ. ಊಟದ ಸಂಗತಿಯನ್ನಂತೂ ಸಮಾಧಾನಕ್ಕೆ ಹಿಡಿಯಬೇಡಿ, ಲ್ಯಾಬ್ರಡಾರ್ ನೋವಿನಲ್ಲಿಯೂ ತಟ್ಟೆ ಖಾಲಿ ಮಾಡುತ್ತದೆ.

ನಾಳೆ ಬೆಳಿಗ್ಗೆ ಅದು ಏಳುವುದನ್ನು ಹತ್ತಿರ ಕುಳಿತು ನೋಡಿ. ಮುಂಗಾಲೂರಿ ಮೈಯನ್ನು ಎಳೆದುಕೊಂಡು ಏಳುತ್ತದೆಯೇ, ಮೊದಲ ಹತ್ತು ಹೆಜ್ಜೆ ಮರಗಟ್ಟಿದಂತಿದ್ದು ಆಮೇಲೆ ಸಡಿಲವಾಗುತ್ತದೆಯೇ, ರಾತ್ರಿ ಜಾಗ ಬದಲಿಸುತ್ತಲೇ ಇರುತ್ತದೆಯೇ, ಸೆಕೆಯಿಲ್ಲದಿದ್ದರೂ ಏದುಸಿರು ಬಿಡುತ್ತದೆಯೇ ಎಂಬುದನ್ನು ಗಮನಿಸಿ, ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿ. ಆಸ್ಪತ್ರೆಯ ಗಾಬರಿಯಲ್ಲಿ ಕುಂಟುವ ನಾಯಿಯೂ ಸರಿಯಾಗಿ ನಡೆದುಬಿಡುವುದುಂಟು, ಆಗ ವೈದ್ಯರಿಗೆ ನಿಮ್ಮ ವಿಡಿಯೊವೇ ಆಧಾರ. ಗುರುಗುಟ್ಟಿದ್ದಕ್ಕೆ ಮಾತ್ರ ಗದರಬೇಡಿ. ಮುಟ್ಟಿದರೆ ನೋಯುತ್ತದೆ ಎಂದು ಹೇಳಲು ಅದಕ್ಕಿರುವ ಮಾತು ಅದೇ. ಅದನ್ನು ಅಡಗಿಸಿದರೆ ಮುಂದಿನ ಸಲ ಎಚ್ಚರಿಕೆಯಿಲ್ಲದೆ ಕಚ್ಚೀತು. ಮಗಳು ಕೆಲವು ದಿನ ಸೊಂಟ ಮುಟ್ಟದಿರಲಿ.

ಪಶುವೈದ್ಯರು ಕೀಲುಗಳನ್ನು ಪರೀಕ್ಷಿಸಿ, ಬೇಕೆನಿಸಿದರೆ ಎಕ್ಸ್‌ರೇ ಮತ್ತು ರಕ್ತಪರೀಕ್ಷೆ ಮಾಡಿಸಿ, ನಾಯಿಗಳಿಗೆಂದೇ ಇರುವ ಔಷಧಿಯನ್ನು ತೂಕಕ್ಕೆ ತಕ್ಕಂತೆ ಕೊಡುತ್ತಾರೆ. ಅಲ್ಲಿಯವರೆಗೆ ಜಾರುವ ನೆಲಕ್ಕೆ ಚಾಪೆ ಹಾಸಿ. ಈ ವಾರದೊಳಗೆ ಕರೆದೊಯ್ದರೆ ಸಾಕು. ಆದರೆ ಮುಂಗಾಲು ನೆಲಕ್ಕೂರಿ ಹಿಂಭಾಗವನ್ನಷ್ಟೇ ಎತ್ತಿಕೊಂಡು ಮತ್ತೆ ಮತ್ತೆ ನಿಂತರೆ ಅದು ಹೊಟ್ಟೆನೋವಿನ ಭಂಗಿಯಾಗಿರಬಹುದು, ಆಗ ಅದೇ ದಿನ ಹೊರಡಿ.