ಜಪಾನಿಯಲ್ಲಿ ‘ಯಾರು’ ಅಂತ ಹೇಳದಿದ್ದಾಗ

ನಮಸ್ಕಾರ. ಟೋಕಿಯೋಗೆ ಬಂದ ಹೊಸದರಲ್ಲಿ ಎಲ್ಲರೂ ಕೇಳುವುದನ್ನೇ ಕೇಳಿದ್ದೀರಿ: ‘ಇಲ್ಲಿಯವರು ಯಾರು ಮಾಡಿದರು, ಏನನ್ನು ಮಾಡಿದರು ಅನ್ನೋದನ್ನೇ ಬಿಟ್ಟು ಮಾತಾಡುತ್ತಾರೆ. ಕನ್ನಡ ಬರುವುದರಿಂದ ಏನಾದರೂ ಅನುಕೂಲ ಇದೆಯಾ?’ ಇದೆ. ಆದರೆ ಅರ್ಧ ದಾರಿವರೆಗೆ ಮಾತ್ರ.

ಕೊಂಬಿನಿಯಲ್ಲಿ (ಬೀದಿ ಬೀದಿಗೂ ಇರುವ ಚಿಕ್ಕ ಅಂಗಡಿ) ಬೆಂತೊ, ಅಂದರೆ ಊಟದ ಡಬ್ಬಿ, ಕೌಂಟರ್ ಮೇಲಿಟ್ಟರೆ ಹುಡುಗ ‘ಅತತಮೆಮಾಸು ಕಾ?’ ಅನ್ನುತ್ತಾನೆ. ‘ಬಿಸಿ ಮಾಡ್ಲಾ?’ ಅಷ್ಟೇ. ನಮಗೆ ಇದು ವಿಚಿತ್ರ ಅನಿಸಲ್ಲ, ಮನೇಲೂ ಹೀಗೇ ಅಲ್ವಾ ಕೇಳೋದು? ಇಂಗ್ಲಿಷ್‌ನವರು ಪ್ರತಿ ವಾಕ್ಯಕ್ಕೂ ‘ವತಾಶಿ ವಾ’ (ನಾನು) ಅಂಟಿಸುತ್ತಾರೆ. ಇಲ್ಲಿಯವರ ಕಿವಿಗೆ ಅದು ‘ನಾನಂತೂ, ನಾನಂತೂ’ ಅಂದ ಹಾಗೆ. ತಮಾಷೆ ಅಂದರೆ ನಮ್ಮವರೂ ಹಾಗೇ ಮಾಡುತ್ತಾರೆ, ಜಪಾನಿ ಕಲಿಯೋದು ಇಂಗ್ಲಿಷ್ ಮೂಲಕ ತಾನೇ! ಕನ್ನಡದಲ್ಲಿ ಯೋಚಿಸಿ. ‘ಅನಾತಾ’ (ನೀವು) ಕೂಡ ಬೇಡ, ಹೆಸರಿಗೆ ‘ಸಾನ್’ ಸೇರಿಸಿದರೆ ಸಾಕು.

ತೊಡಕು ಇರುವುದು ಇಲ್ಲಿ. ನಾವು ‘ಯಾರು’ ಬಿಟ್ಟರೂ ಕ್ರಿಯಾಪದದ ಕೊನೆಯಲ್ಲಿ ಅದು ಗೊತ್ತಾಗುತ್ತದೆ: ಹೋದೆ, ಹೋದ, ಹೋದಳು, ಹೋದರು. ಜಪಾನಿಯಲ್ಲಿ ಎಲ್ಲಕ್ಕೂ ‘ಇಕಿಮಾಶಿತಾ’. ಕನ್ನಡದ ಕಿವಿ ಆ ಕೊನೆಗಾಗಿ ಕಾಯುತ್ತದೆ, ಸಿಗಲ್ಲ. ಆದರೆ ‘ಹೋಗಲಿಲ್ಲ’ ತಗೊಳ್ಳಿ. ನಾನಾ, ಅವಳಾ, ಅವರಾ? ‘ಬೇಕು’, ‘ಗೊತ್ತಿಲ್ಲ’ ಕೂಡ ಹಾಗೇ. ದಿನವಿಡೀ ಹೇಳುತ್ತೇವೆ, ಯಾರೂ ತಲೆ ಕೆಡಿಸಿಕೊಳ್ಳಲ್ಲ. ಜಪಾನಿಯ ಎಲ್ಲ ಕ್ರಿಯಾಪದವೂ ‘ಹೋಗಲಿಲ್ಲ’ದ ಜಾತಿ ಅಂದುಕೊಂಡು ಕೇಳಿ.

ಹಾಗಂತ ಅವರು ಸುಳಿವೇ ಕೊಡಲ್ಲ ಅಂತಲ್ಲ. ಆಫೀಸಲ್ಲಿ ‘ಕಾಕುನಿನ್ ಶಿಮಾಸು’ ಅಂದರೆ ಸಾಮಾನ್ಯವಾಗಿ ಹೇಳಿದವರೇ ಚೆಕ್ ಮಾಡುತ್ತಾರೆ. ‘ಕಾಕುನಿನ್ ಶಿತೆ ಮೊರಾಯಿಮಾಸು’ ಅಂದರೆ ಬೇರೆಯವರ ಕೈಲಿ ಮಾಡಿಸುತ್ತಾರೆ. ‘ಮೊರಾಎಮಾಸು ಕಾ?’ ಅಂತ ನಿಮ್ಮ ಕಡೆ ತಿರುಗಿದರೆ ಕೆಲಸ ನಿಮ್ಮ ತಲೆ ಮೇಲೆ! ‘ಕುರೆಮಾಶಿತಾ’ ಅಂದರೆ ನಮಗೆ ಕೊಟ್ಟರು, ‘ಅಗೆಮಾಶಿತಾ’ ಅಂದರೆ ಇನ್ಯಾರಿಗೋ ಕೊಟ್ಟದ್ದು. ಪರೀಕ್ಷೆಗೆ ಓದುವವರು ಈ ಕೊಡು-ಕೊಳ್ಳು ಪಾಠವನ್ನು ಸುಮ್ನೆ ಓಡಿಸಿಬಿಡುತ್ತಾರೆ. ನನ್ನ ಪ್ರಕಾರ ಕಾಂಜಿ ಅಕ್ಷರಗಳಿಗಿಂತ ಇದಕ್ಕೇ ಜಾಸ್ತಿ ಸಮಯ ಕೊಡಬೇಕು.

ಮರ್ಯಾದೆ ಮಾತಿನಲ್ಲೂ ಉತ್ತರ ಇದೆ. ಗೌರವದ ‘ಇರಶ್ಶೈಮಾಸು’ ಅಂದರೆ ಬರುವವರು ಆ ಕಡೆಯವರು, ತಗ್ಗಿ ಹೇಳುವ ‘ಮೈರಿಮಾಸು’ ಅಂದರೆ ಈ ಕಡೆಯವರು, ಅಂದರೆ ಮಾತಾಡುವವರ ಕಡೆಯವರು. ನಮಗೆ ಕಷ್ಟ ಯಾವುದು ಗೊತ್ತಾ? ಗಿರಾಕಿ ಮುಂದೆ ನಮ್ಮ ಬಾಸ್‌ಗೂ ‘ಮೈರಿಮಾಸು’ ಅನ್ನಬೇಕು. ಊರಲ್ಲಾದರೆ ಯಾರ ಮುಂದೆಯೂ ‘ಸರ್ ಬರ್ತಾರೆ’ ಅಂತಲೇ ಹೇಳುತ್ತಿದ್ದೆವು.

ಇಷ್ಟಾದರೂ ಗೊತ್ತಾಗದಿದ್ದರೆ ‘ದಾರೆ ಗಾ ದೆಸು ಕಾ?’ (ಯಾರು?) ಅಂತ ಕೇಳಿಬಿಡಿ. ಸಂಕೋಚ ಬೇಡ, ಇಲ್ಲಿಯವರೂ ಕೇಳುತ್ತಾರೆ. ಆದರೆ ಮೀಟಿಂಗ್ ಮುಗಿದ ಮೇಲೆ ಯಾವ ಕೆಲಸ ಯಾರದ್ದು ಅಂತ ಹೆಸರು ಹಾಕಿ ಮೇಲ್ ಕಳಿಸಿ.